ಕೊಡೋ ಹಾಗಿಲ್ವಂತೆ

ಹೋದ ತಿಂಗಳು ನೆಂಟರ ಮದುವೆಗೆ ಅಂತ ಮೈಸೂರಿಗೆ ಹೋಗಿದ್ದೆವು. ಹೆಣ್ಣಿನ ಕಡೆಯವರು ಸ್ವಲ್ಪ ಅನುಕೂಲಸ್ಥರು. ದೊಡ್ಡ ಹೋಟೆಲಿನಲ್ಲೇ ನಮಗೆಲ್ಲ ರೂಮು ಹಾಕಿಸಿದ್ದರು. ಬೆಳಿಗ್ಗೆ ತಿಂಡಿಗೆ ಬಫೆ. ಅಮ್ಮ ಎರಡು ಇಡ್ಲಿ ತಿಂದು ಮುಗಿಸಿ, ಹಣ್ಣಿನ ಬುಟ್ಟಿ ನೋಡಿದಳು. ಆಮೇಲೆ ಪಕ್ಕದಲ್ಲಿ ನಿಂತಿದ್ದ ಹುಡುಗನನ್ನು ಕೇಳಿದಳು: "ಮಗಾ, ಒಂದು ಬಾಳೆಹಣ್ಣು ರೂಮಿಗೆ ತಗೊಂಡು ಹೋಗ್ಲಾ? ಹನ್ನೊಂದಕ್ಕೆ ಮಂಡಿನೋವಿನ ಮಾತ್ರೆ ಇದೆ. ಖಾಲಿ ಹೊಟ್ಟೆಗೆ ತಗೊಂಡ್ರೆ ನಂಗೆ ಆಗಲ್ಲ." ಹುಡುಗ ಇಪ್ಪತ್ತೆರಡರವನಿರಬೇಕು. ನಗು ಚೆನ್ನಾಗಿತ್ತು. "ಶ್ಯೂರ್ ಮ್ಯಾಮ್, ಒನ್ ಮಿನಿಟ್" ಅಂದ. ಅಂದವನ ಕಣ್ಣು ಹಣ್ಣಿನ ಕಡೆ ಹೋಗಲಿಲ್ಲ, ಅಮ್ಮನ ಕಡೆಗೂ ಹೋಗಲಿಲ್ಲ. ಕಂಬದ ಪಕ್ಕ ಕಪ್ಪು ಕೋಟು ಹಾಕಿಕೊಂಡು ನಿಂತಿದ್ದ ಕ್ಯಾಪ್ಟನ್, ಅಂದರೆ ಬಡಿಸೋ ಹುಡುಗರ ಮೇಲ್ವಿಚಾರಕನ ಕಡೆ ಹೋಯಿತು. ಹೋಗಿ ಕೇಳಿದ. ವಾಪಸ್ ಬಂದ. "ಸಾರಿ ಅಮ್ಮಾ. ಹೊರಗಡೆ ತಗೊಂಡು ಹೋಗೋಕೆ ಕೊಡೋ ಹಾಗಿಲ್ವಂತೆ." ಹೋಗುವಾಗ ಮ್ಯಾಮ್ ಆಗಿದ್ದವಳು ಬರುವಷ್ಟರಲ್ಲಿ ಅಮ್ಮ ಆಗಿದ್ದಳು.

ನನಗೆ ರೇಗಿತು. ಅಮ್ಮನಿಗೆ ರೇಗಲಿಲ್ಲ. ಲಿಫ್ಟಿನಲ್ಲಿ ಹೇಳಿದಳು: "ಪಾಪ, ಆ ಹುಡುಗನ್ನ ಯಾರೋ ಚೆನ್ನಾಗಿ ಹೆದರಿಸಿ ಇಟ್ಟಿದಾರೆ ಕಣೋ."

ಅವತ್ತಿಂದ ಆ "ಇಲ್ವಂತೆ" ತಲೆಯಲ್ಲೇ ಕೂತಿದೆ. "ಕೊಡೋ ಹಾಗಿಲ್ಲ" ಅಂದಿದ್ದರೆ ಅದು ಅವನ ಮಾತಾಗುತ್ತಿತ್ತು. ಅವನ ಜೊತೆ ಜಗಳ ಆಡಬಹುದಿತ್ತು. "ಇಲ್ವಂತೆ" ಅಂದಮೇಲೆ ಯಾರ ಹತ್ತಿರ ಆಡೋದು? ಆ "ಅಂತೆ"ಯ ಹಿಂದೆ ಅವನು ಅವಿತುಕೊಂಡಿದ್ದ. ಹೋಟೆಲ್ ಮಾಲೀಕರನ್ನು ಕೇಳಿದರೆ ಈಗಿನ ಹುಡುಗರಿಗೆ ಶ್ರದ್ಧೆ ಇಲ್ಲ ಅಂತಾರೆ. ನಾನು ಅದೇ ಕೆಲಸದಲ್ಲಿ ಒಂಬತ್ತು ವರ್ಷ ಇದ್ದವನು. ನನಗೆ ಹಾಗನ್ನಿಸಲ್ಲ. ಈ "ಅಂತೆ"ಯನ್ನ ಯಾರೂ ಮನೆಯಿಂದ ಕಟ್ಟಿಕೊಂಡು ಬರಲ್ಲ. ಕೆಲಸಕ್ಕೆ ತಗೊಳ್ಳುವಾಗ ಮತ್ತು ಮೊದಲ ಒಂದೆರಡು ವಾರದಲ್ಲಿ, ಯೂನಿಫಾರ್ಮ್ ಜೊತೆಗೆ, ಹೋಟೆಲ್ಲೇ ಅದನ್ನ ಕೊಡುತ್ತೆ.

ನನಗೆ ಕೊಟ್ಟ ಯೂನಿಫಾರ್ಮು

ನಾನು ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿ ಬೆಂಗಳೂರಿನ ಒಂದು ಸ್ಟಾರ್ ಹೋಟೆಲಿಗೆ ಸ್ಟೂವರ್ಡ್, ಅಂದರೆ ಟೇಬಲ್ಲಿಗೆ ಬಡಿಸೋನು, ಆಗಿ ಸೇರಿದ್ದು 2004ರಲ್ಲಿ. ಇಂಟರ್‌ವ್ಯೂನಲ್ಲಿ ನನ್ನ ಎತ್ತರ ನೋಡಿದರು, ಇಂಗ್ಲಿಷ್ ನೋಡಿದರು, ಹಲ್ಲು ನೋಡಿದರು ಅಂತ್ಲೂ ಈಗಲೂ ಅನುಮಾನ. ಐದು ವರ್ಷ ಆದಮೇಲೆ ಎಲ್ಲಿರ್ತೀಯ ಅಂತ ಕೇಳಿದರು. ಮನೇಲಿ ಯಾರಿಗಾದರೂ ಬಡಿಸಿದ್ದೀಯಾ ಅಂತ ಮಾತ್ರ ಕೇಳಲಿಲ್ಲ. ನಮ್ಮದು ಶ್ರಾದ್ಧ, ಮುಂಜಿ, ಮದುವೆ ಅಂತ ವರ್ಷಕ್ಕೆ ನಾಲ್ಕು ಸಲ ಪಂಕ್ತಿ ಕೂರುವ ಮನೆ. ಯಾರ ಎಲೆಯಲ್ಲಿ ಸಾರು ಮುಗಿದಿದೆ, ಯಾರು ಬೇಡ ಬೇಡ ಅನ್ನುತ್ತಲೇ ಇನ್ನೊಂದು ಹೋಳಿಗೆಗೆ ಕಾಯುತ್ತಿದ್ದಾರೆ ಅನ್ನೋದು ನನಗೆ ಹತ್ತನೇ ವಯಸ್ಸಿಗೇ ಗೊತ್ತಾಗ್ತಿತ್ತು. ಅದು ಆ ಕೆಲಸಕ್ಕೆ ಬೇಕಾದ ವಿದ್ಯೆ ಅಂತ ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ.

ಇಂಡಕ್ಷನ್, ಅಂದರೆ ಹೊಸಬರಿಗೆ ಕೊಡೋ ಶುರುವಿನ ಪಾಠ, ಎರಡು ದಿನ. ಮೊದಲ ದಿನ ಗೇಟಿನಿಂದಲೇ ಶುರು. ಸಿಬ್ಬಂದಿಗೆ ಹಿಂದಿನ ಗೇಟು. ಅಲ್ಲಿ ಟೈಮ್ ಆಫೀಸು. ಸೆಕ್ಯುರಿಟಿಯವನು ಬ್ಯಾಗು ಬಿಚ್ಚಿಸಿದ. ಜೇಬಿನಲ್ಲಿ ಎಷ್ಟು ದುಡ್ಡಿದೆ ಅಂತ ರಿಜಿಸ್ಟರಿನಲ್ಲಿ ಬರೆಸಿದ. ಸಂಜೆ ಹೋಗುವಾಗ ಅದಕ್ಕಿಂತ ಜಾಸ್ತಿ ಇದ್ದರೆ ಎಲ್ಲಿಂದ ಬಂತು ಅಂತ ಹೇಳಬೇಕು. ನನ್ನ ಹತ್ತಿರ 130 ರೂಪಾಯಿ ಇತ್ತು. ಎಣಿಸುವಾಗ ಕೈ ನಡುಗಿತ್ತು, ಕದ್ದ ದುಡ್ಡೇನೋ ಅನ್ನೋ ಹಾಗೆ. ಆಮೇಲೆ ಮೇಲೆ ಏಸಿ ರೂಮಿನಲ್ಲಿ ಕೂರಿಸಿ, ನೀವೆಲ್ಲ ನಮ್ಮ ಕುಟುಂಬ ಅಂತ ಸ್ಲೈಡು ತೋರಿಸಿದರು. ಉಗುರು, ಗಡ್ಡ, ಶೂ ಪಾಲಿಶ್. ಬೆಂಕಿ ಬಿದ್ದರೆ ಯಾವ ಮೆಟ್ಟಿಲು. ಕೊನೆಗೆ, ಅತಿಥಿಗೆ ಯಾವತ್ತೂ "ನೋ" ಅನ್ನಬಾರದು. ಇದನ್ನು ಮೂರು ಸಲ ಹೇಳಿಸಿದರು.

ಎರಡನೇ ವಾರ ಫ್ಲೋರಿಗೆ ಬಿಟ್ಟಾಗ ನಿಜವಾದ ಪಾಠ ಶುರುವಾಯಿತು. ಸೀನಿಯರ್ ಸ್ಟೂವರ್ಡ್ ಒಬ್ಬರು ನನ್ನನ್ನು ಪ್ಯಾಂಟ್ರಿಗೆ ಕರೆದು ಹೇಳಿದರು: "ನೋಡು ಮರಿ, ಸೆಷನ್ ಶುರುವಾದ ತಕ್ಷಣ ಕ್ಯಾಪ್ಟನ್ ಎಲ್ಲಿ ನಿಂತಿದಾನೆ ನೋಡ್ಕೋ. ಗೆಸ್ಟು ಎಲ್ಲೂ ಓಡಿ ಹೋಗಲ್ಲ." ಕೆಓಟಿ, ಅಂದರೆ ಅಡುಗೆಮನೆಗೆ ಕೊಡೋ ಆರ್ಡರ್ ಚೀಟಿ, ಇಲ್ಲದೆ ಒಂದು ನಿಂಬೆಹೋಳೂ ಅಡುಗೆಮನೆಯಿಂದ ಆಚೆ ಬರೋ ಹಾಗಿರಲಿಲ್ಲ. ತಿಂಗಳ ಕೊನೆಗೆ ಸ್ಪೂನು, ಫೋರ್ಕು ಎಣಿಸುವುದು. ಕಮ್ಮಿ ಬಿದ್ದರೆ ಎಲ್ಲರಿಗೂ ಉಗಿತ. ಹೀಗಾಗಿ ನಾವು ಹುಡುಗರು ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿದ್ದೆವು. ಇಲ್ಲ ಅನ್ನೋ ಹಾಗಿಲ್ಲ, ಅದು ಟ್ರೈನಿಂಗು. ಹೂಂ ಅನ್ನೋಕೆ ಅಧಿಕಾರ ಇಲ್ಲ, ಅದು ರೂಲು. ಉಳಿದಿದ್ದು ಬರೀ ನಗು. ಮತ್ತೆ "ಲೆಟ್ ಮಿ ಚೆಕ್, ಸರ್".

ಒಂದು ರಾತ್ರಿಯ ವಿಷಯ ಹೇಳಲೇಬೇಕು. ಆಗ ರೂಮ್ ಸರ್ವೀಸಿನಲ್ಲಿದ್ದೆ. ಹನ್ನೊಂದೂವರೆ ಆಗಿತ್ತು. ಕಲಬುರಗಿ ಕಡೆಯ ಹಿರಿಯರೊಬ್ಬರು ಕೋರ್ಟ್ ಕೆಲಸಕ್ಕೆ ಅಂತ ಬಂದು ಇಳಿದುಕೊಂಡಿದ್ದರು. ನೀರಿನ ಬಾಟಲಿ ಕೊಡೋಕೆ ಹೋದಾಗ ಕೇಳಿದರು, "ತಮ್ಮಾ, ಒಂದೀಟು ಮೊಸರನ್ನ ಸಿಗ್ತದೇನು? ಹೊಟ್ಟಿ ಸರಿ ಇಲ್ಲ." ರಾತ್ರಿ ಮೆನುವಿನಲ್ಲಿ ಸ್ಯಾಂಡ್‌ವಿಚ್ಚು, ಸೂಪು ಬಿಟ್ಟರೆ ಬೇರೆ ಇಲ್ಲ. ಆದರೆ ನೆಲಮಾಳಿಗೆಯ ಸ್ಟಾಫ್ ಕೆಫೆಟೇರಿಯಾದಲ್ಲಿ ದೊಡ್ಡ ಪಾತ್ರೆ ತುಂಬಾ ಅನ್ನ ಇತ್ತು, ಬಕೆಟ್ಟಿನಲ್ಲಿ ಮೊಸರಿತ್ತು. ಒಂದು ಗಂಟೆ ಹಿಂದೆ ನಾನೇ ಕಲಸಿಕೊಂಡು ತಿಂದಿದ್ದೆ. ಸ್ಟಾಫ್ ಊಟ ಮೇಲೆ ಹೋಗೋ ಹಾಗಿಲ್ಲ. ಮೇನ್ ಕಿಚನ್ನಿನ ನೈಟ್ ಶೆಫ್‌ನ ಕೇಳಬಹುದಿತ್ತು. ಕೇಳಿದರೆ ಬೈತಾನೆ, ಬೈದರೂ ಬಹುಶಃ ಮಾಡಿ ಕೊಡ್ತಾನೆ. "ಚೆಕ್ ಮಾಡಿ ಬರ್ತೀನಿ ಸರ್" ಅಂದೆ. ಪ್ಯಾಂಟ್ರಿಗೆ ಬಂದು ಐದು ನಿಮಿಷ ನಿಂತೆ. ವಾಪಸ್ ಹೋಗಿ ಹೇಳಿದೆ: "ಈಗ ಸಿಗಲ್ವಂತೆ ಸರ್."

ನಾನು ಯಾರನ್ನೂ ಕೇಳಿರಲೇ ಇಲ್ಲ.

ಅವರು "ಇರ್ಲಿ ಬಿಡಪ್ಪ" ಅಂದು, ತಾವು ತಂದಿದ್ದ ಚೀಲದಿಂದ ಬಿಸ್ಕೆಟ್ ಪ್ಯಾಕೆಟ್ ತೆಗೆದರು. ಹತ್ತು ರೂಪಾಯಿ ಟಿಪ್ಸ್ ಬೇರೆ ಕೊಟ್ಟರು. ಬೆಳಿಗ್ಗೆ ಟೈಮ್ ಆಫೀಸಿನಲ್ಲಿ ಆ ಹತ್ತು ರೂಪಾಯಿಗೂ ಲೆಕ್ಕ ಕೊಟ್ಟು ಮನೆಗೆ ಹೋದೆ. ಮೈಸೂರಿನ ಹುಡುಗ ಕೊನೇಪಕ್ಷ ಹೋಗಿ ಕೇಳಿ ಬಂದ.

ಮಾವನ ಗಲ್ಲಾ

ಇದಕ್ಕೂ ಮುಂಚೆ ನನಗೆ ಗೊತ್ತಿದ್ದ ಹೋಟೆಲು ಅಂದರೆ ಶಿವಮೊಗ್ಗದಲ್ಲಿದ್ದ ನನ್ನ ಸೋದರಮಾವನದು. ಕುಂದಾಪುರ ಕಡೆಯಿಂದ ಘಟ್ಟ ಹತ್ತಿದ ನೂರಾರು ಹೋಟೆಲುಗಳಲ್ಲಿ ಅದೂ ಒಂದು. ದಸರಾ ರಜೆ, ಬೇಸಿಗೆ ರಜೆ ಎಲ್ಲ ನಾನು ಅಲ್ಲೇ. ಮಾವನ ಹತ್ತಿರ ಕೆಲಸಕ್ಕೆ ಅರ್ಜಿ, ಇಂಟರ್‌ವ್ಯೂ ಏನೂ ಇರಲಿಲ್ಲ. ಊರಿಂದ ಬರೋ ಬಸ್ಸಿನಲ್ಲಿ ಯಾರೋ ಒಬ್ಬ ಹುಡುಗನನ್ನು ಕರ್ಕೊಂಡು ಬರೋರು. ಮಾವ ಗಲ್ಲಾ ಮೇಲಿಂದಲೇ ಕೇಳೋರು: "ಯಾರ್ ಮನಿ ಮಾಣಿ ನೀನು?" ಆಮೇಲೆ, "ಊಟ ಆಯ್ತಾ?" ಅಷ್ಟೇ. ನಮ್ಮ ಕಡೆ ಮಾಣಿ ಅಂದರೆ ಹುಡುಗ ಅಂತ. ಹೋಟೆಲಿನಲ್ಲಿ ತಿಂಡಿ ತಂದುಕೊಡೋನಿಗೆ ಊರೆಲ್ಲ ಮಾಣಿ ಅಂತ ಕರೆಯೋದು ಯಾಕೆ ಅನ್ನೋದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಹೊಸಬನಿಗೆ ಮೊದಲ ದಿನ ಕೆಲಸ ಇಲ್ಲ. ಮಾವ ಅವನನ್ನು ಗಿರಾಕಿ ಕೂರೋ ಟೇಬಲ್ಲಿನಲ್ಲೇ ಕೂರಿಸೋರು. ಅಡುಗೆಮನೆಯಲ್ಲಿ ಅಲ್ಲ, ಹಿಂದಿನ ಜಗಲಿಯಲ್ಲಿ ಅಲ್ಲ. ಹಳೇ ಸಪ್ಲಾಯರ್ ಬಂದು "ಏನ್ ಕೊಡ್ಲಿ?" ಅಂತ ಕೇಳಬೇಕು. ಹುಡುಗ ಹೇಳಬೇಕು. ಹೆಚ್ಚಿನವರಿಗೆ ಬಾಯೇ ಬರುತ್ತಿರಲಿಲ್ಲ. ಒಬ್ಬ ಅಂತೂ ಮಸಾಲೆ ದೋಸೆ ಮುಂದಿಟ್ಟ ತಕ್ಷಣ ಅತ್ತುಬಿಟ್ಟ. ಆಮೇಲೆ ತಿಂಗಳುಗಟ್ಟಲೆ ಲೋಟ ತೊಳೆಯೋದು. ಆಮೇಲೆ ಕ್ಲೀನರ್, ಅಂದರೆ ಟೇಬಲ್ ಒರೆಸೋದು. ಆಮೇಲೆ ನೀರು ಇಡೋದು. ಸಪ್ಲಾಯರ್ ಆಗೋಕೆ ಒಂದೆರಡು ವರ್ಷ. ಇದು ಸುಮ್ನೆ ಸತಾಯಿಸೋದಲ್ಲ ಅಂತ ನನಗೆ ಅರ್ಥ ಆಗಿದ್ದು ತುಂಬ ತಡವಾಗಿ. ಲೋಟ ತೊಳೆಯೋನಿಗೆ ಯಾವ ಕಾಫಿ ಅರ್ಧಕ್ಕೇ ವಾಪಸ್ ಬಂತು ಅಂತ ಗೊತ್ತು. ಟೇಬಲ್ ಒರೆಸೋನಿಗೆ ಯಾವ ಪಲ್ಯ ಎಲೆ ಮೇಲೆ ಉಳೀತು ಅಂತ ಗೊತ್ತು. ನೀರು ಇಡೋನು ಎಲ್ಲರ ಮುಖ ನೋಡಿರ್ತಾನೆ. ಮಾವ ಕೆಲವೊಮ್ಮೆ ನೀರಿನ ಹುಡುಗನನ್ನು ಕರೆದು ಮೆಲ್ಲಗೆ ಕೇಳೋರು, "ಈಗ ಯಾವ ಟೇಬಲ್ ಏಳ್ತದೆ ಹೇಳು." ಸರಿಯಾಗಿ ಹೇಳೋಕೆ ಶುರು ಮಾಡಿದವನಿಗೆ ತಟ್ಟೆ ಕೈಗೆ ಕೊಡೋರು. ಎಡಗೈ ಮೊಣಕೈವರೆಗೆ ಐದಾರು ದೋಸೆ ತಟ್ಟೆ ಜೋಡಿಸಿಕೊಂಡು ಬರೋದು ನೋಡೋಕೆ ಚೆಂದ, ಆದರೆ ಅದನ್ನ ಯಾರು ಬೇಕಾದರೂ ಕಲಿಯಬಹುದು.

ಇಷ್ಟು ಬರೆದು ಓದಿದರೆ ಮಾವನ ಹೋಟೆಲು ಸ್ವರ್ಗ ಇದ್ದಂಗಿದೆ. ಹಾಗೇನೂ ಇರಲಿಲ್ಲ. ಆ ಮಾಣಿಗಳಿಗೆ ಹನ್ನೊಂದು, ಹನ್ನೆರಡು ವರ್ಷ. ಶಾಲೆ ಬಿಟ್ಟು ಬಂದವರು. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ರಾತ್ರಿ ಹತ್ತಕ್ಕೆ ಟೇಬಲ್ ಜೋಡಿಸಿ ಅದರ ಮೇಲೇ ಮಲಗೋರು. ಅಡುಗೆಮನೆಗೆ ಯಾರು ಹೋಗಬಹುದು ಅನ್ನೋದನ್ನ ಜಾತಿ ನೋಡಿ ತೀರ್ಮಾನ ಮಾಡ್ತಿದ್ದರು. "ಯಾರ್ ಮನಿ ಮಾಣಿ" ಅನ್ನೋ ಪ್ರಶ್ನೆಯೊಳಗೆ ಅದೂ ಇತ್ತು. ತಪ್ಪು ಮಾಡಿದರೆ "ಊರಿಗೆ ಕಾಗದ ಬರೀತೀನಿ" ಅನ್ನೋ ಬೆದರಿಕೆ. ಮುಂಬೈಗೆ ಹೋದ ಹುಡುಗರ ಪುಣ್ಯ, ಅಲ್ಲಿ ಕನ್ನಡದ ರಾತ್ರಿ ಶಾಲೆಗಳಿದ್ದವು. ಹಗಲು ತಟ್ಟೆ ಎತ್ತಿ ರಾತ್ರಿ ಓದಿ ಮೇಲೆ ಬಂದವರು ಎಷ್ಟೋ ಜನ. ಶಿವಮೊಗ್ಗದ ನಮ್ಮ ಮಾಣಿಗಳಿಗೆ ಅದೂ ಇರಲಿಲ್ಲ. 2006ರ ಅಕ್ಟೋಬರ್ 10ರಿಂದ ಹದಿನಾಲ್ಕರ ಒಳಗಿನ ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ದುಡಿಸೋದಕ್ಕೆ ಕಾನೂನು ನಿಷೇಧ ಹಾಕಿತು. ಹಾಕಬೇಕಾದ್ದೇ. ಆ ಹೊತ್ತಿಗೆ ಮಾವನ ಹೋಟೆಲು ಮುಚ್ಚಿ ಆಗಿತ್ತು.

ಆದರೂ ಒಂದು ವ್ಯತ್ಯಾಸ ನನ್ನನ್ನು ಬಿಡಲ್ಲ. ಅಲ್ಲೂ ಹೆದರಿಕೆ ಇತ್ತು, ನನ್ನ ಸ್ಟಾರ್ ಹೋಟೆಲಿನಲ್ಲೂ ಇತ್ತು. ಆದರೆ ಮಾವನ ಸಪ್ಲಾಯರ್ ಹತ್ತಿರ ಯಾರಾದರೂ "ಸ್ವಲ್ಪ ಸಾಂಬಾರ್ ಹಾಕಪ್ಪ" ಅಂದರೆ ಅವನು ಗಲ್ಲಾ ಕಡೆ ತಿರುಗಿ ನೋಡುತ್ತಿರಲಿಲ್ಲ. ಬಕೆಟ್ ತಂದು ಹಾಕಿ ಹೋಗ್ತಿದ್ದ.

ಎರಡು ಸಾವಿರ ಡಾಲರು

2008ರ ನವೆಂಬರ್ 26ರ ರಾತ್ರಿ ಮುಂಬೈನ ತಾಜ್ ಹೋಟೆಲಿಗೆ ಭಯೋತ್ಪಾದಕರು ನುಗ್ಗಿದಾಗ ಏನಾಯಿತು ಅಂತ ಎಲ್ಲರಿಗೂ ಗೊತ್ತು. ಹಿಂಬಾಗಿಲುಗಳೆಲ್ಲ ಗೊತ್ತಿದ್ದ ಸಿಬ್ಬಂದಿ ತಾವು ಮೊದಲು ಓಡಿಹೋಗಲಿಲ್ಲ, ಅತಿಥಿಗಳನ್ನು ಕಳಿಸಿದರು. ಅಡುಗೆಮನೆಯವರು ಅತಿಥಿಗಳಿಗೆ ಅಡ್ಡ ನಿಂತು ಗುಂಡು ತಿಂದರು. ಆಗ ನಾನು ಬೆಂಗಳೂರಲ್ಲಿ ಡ್ಯೂಟಿ ಮುಗಿಸಿ ಟಿವಿ ಮುಂದೆ ಕೂತಿದ್ದೆ. ನಾನಾಗಿದ್ದರೆ ನಿಲ್ಲುತ್ತಿದ್ದೆನಾ ಅಂತ ಕೇಳಿಕೊಂಡೆ. ಮೊಸರನ್ನ ನೆನಪಾಯಿತು. ಆಮೇಲೆ ಹಾರ್ವರ್ಡ್ ಬ್ಯುಸಿನೆಸ್ ಸ್ಕೂಲಿನ ರೋಹಿತ್ ದೇಶಪಾಂಡೆ ಅನ್ನೋ ಪ್ರೊಫೆಸರ್, ಆ ಸಿಬ್ಬಂದಿ ಯಾಕೆ ನಿಂತರು ಅನ್ನೋದನ್ನೇ ಕೆದಕಿದರು. ಅವರಿಗೆ ಉತ್ತರ ಸಿಕ್ಕಿದ್ದು ಆ ರಾತ್ರಿಯಲ್ಲಲ್ಲ, ತಾಜ್‌ನವರು ಜನರನ್ನು ತಗೊಳ್ಳೋ ರೀತಿಯಲ್ಲಿ. ದೊಡ್ಡ ನಗರಗಳಿಗಿಂತ ಸಣ್ಣ ಊರುಗಳಲ್ಲಿ ಹುಡುಕುತ್ತಾರೆ. ಮಾರ್ಕ್ಸು, ಇಂಗ್ಲಿಷಿಗಿಂತ ಹಿರಿಯರ ಹತ್ತಿರ ಹೇಗೆ ನಡ್ಕೋತಾರೆ ಅಂತ ನೋಡ್ತಾರೆ. ಬೇರೆ ಕಡೆ ಹನ್ನೆರಡು ತಿಂಗಳು ಇರೋ ತರಬೇತಿ ಅಲ್ಲಿ ಹದಿನೆಂಟು ತಿಂಗಳು. ಅತಿಥಿಯ ಮುಂದೆ ಕಂಪನಿಯ ಪರ ವಾದ ಮಾಡಬೇಡ, ಕಂಪನಿಯ ಮುಂದೆ ಅತಿಥಿಯ ಪರ ನಿಲ್ಲು ಅಂತ ಶುರುವಿಗೇ ಹೇಳಿಕೊಡ್ತಾರೆ.

ಸಣ್ಣ ಊರಿನ ಹುಡುಗರು ಒಳ್ಳೆಯವರು ಅನ್ನೋದನ್ನ ಜನ ಇದರಿಂದ ಎತ್ತಿಕೊಂಡು ಮೆರೆಸ್ತಾರೆ. ನನಗೆ ನಗು ಬರುತ್ತೆ. ನಾನೂ ಸಣ್ಣ ಊರಿನವನೇ. ಪ್ಯಾಂಟ್ರಿಯಲ್ಲಿ ಅವಿತುಕೊಂಡಿದ್ದೂ ನಾನೇ. ನನ್ನ ಲೆಕ್ಕಕ್ಕೆ ಊರಿಗಿಂತ ಆ ಹದಿನೆಂಟು ತಿಂಗಳು ಮುಖ್ಯ.

ಇನ್ನೊಂದು ನಾನು ಯಾವಾಗಲೂ ಹೇಳೋದು ರಿಟ್ಜ್ ಕಾರ್ಲ್‌ಟನ್ ಅನ್ನೋ ಅಮೆರಿಕದ ದೊಡ್ಡ ಹೋಟೆಲ್ ಕಂಪನಿದು. ಅಲ್ಲಿ ರೂಮು ಗುಡಿಸೋರಿಂದ ಹಿಡಿದು ಯಾರು ಬೇಕಾದರೂ ಒಬ್ಬ ಅತಿಥಿಯ ತೊಂದರೆ ಸರಿಮಾಡೋಕೆ 2,000 ಡಾಲರ್‌ವರೆಗೆ ಖರ್ಚು ಮಾಡಬಹುದು, ಯಾರನ್ನೂ ಕೇಳಬೇಕಿಲ್ಲ. ಹೊಸಬರನ್ನ ಇಪ್ಪತ್ತೊಂದನೇ ದಿನ ಮತ್ತೆ ಕೂರಿಸಿಕೊಂಡು, ನಾವು ಮೊದಲ ದಿನ ಹೇಳಿದ್ದು ನಿಜ ಆಯ್ತಾ ಅಂತ ಕೇಳ್ತಾರೆ. ಆ 2,000 ಡಾಲರ್ ದಿನಾ ಯಾರೂ ಖರ್ಚು ಮಾಡಲ್ಲ ಬಿಡಿ. ನಿನ್ನ ತಲೆ ಮೇಲೆ ನಂಬಿಕೆ ಇದೆ ಅಂತ ಹೇಳೋಕೆ ಅದೊಂದು ಅಳತೆ. ನನ್ನ ತಲೆ ಮೇಲೆ ಇದ್ದ ನಂಬಿಕೆ 130 ರೂಪಾಯಿಯದು. ರಿಜಿಸ್ಟರಿನಲ್ಲಿದೆ.

ಯಾರ ಹುಡುಗರು?

ಹುಡುಗರನ್ನ ತಯಾರು ಮಾಡೋ ಈ ತಲೆನೋವಿಗೆ ಬೆಂಗಳೂರಿನ ಹೋಟೆಲುಗಳು ತಮ್ಮದೇ ದಾರಿ ಹುಡುಕಿಕೊಂಡವು. ಜಯನಗರದಲ್ಲಿ ಆರ್. ಪ್ರಭಾಕರ್ 1983ರಲ್ಲಿ ಕೆಫೆ ದರ್ಶಿನಿ ತೆರೆದಾಗ ಸಪ್ಲಾಯರ್ ಅನ್ನೋ ಮನುಷ್ಯನೇ ಮಾಯ. ಟೋಕನ್ ತಗೋ, ಕೌಂಟರಿಗೆ ಹೋಗು, ನಿಂತ್ಕೊಂಡು ತಿನ್ನು. ಎರಡು ವರ್ಷ ತಯಾರು ಮಾಡಬೇಕಾದವನು ಬೇಕೇ ಇಲ್ಲ ಅಂದಮೇಲೆ ತಯಾರಿಯ ಗೊಡವೆಯೂ ಇಲ್ಲ. ನನಗೆ ದರ್ಶಿನಿ ಮೇಲೆ ಕೋಪ ಇಲ್ಲ, ನನ್ನ ಅರ್ಧ ಜೀವನ ಅಲ್ಲೇ ನಿಂತು ತಿಂದಿದ್ದೇನೆ. ಆದರೆ ಅಮ್ಮನಿಗೆ ಈಗ ನಿಂತು ತಿನ್ನೋಕೆ ಆಗಲ್ಲ.

ದೊಡ್ಡ ಹೋಟೆಲುಗಳು ಹಿಡಿದಿದ್ದು ಕಂಟ್ರಾಕ್ಟ್ ದಾರಿ. ಬ್ಯಾಂಕ್ವೆಟ್, ಅಂದರೆ ದೊಡ್ಡ ಪಾರ್ಟಿ ಊಟ, ಇದ್ದರೆ ಸಂಜೆ ಆರಕ್ಕೆ ವ್ಯಾನಿನಲ್ಲಿ ಕ್ಯಾಶುಯಲ್ಸ್, ಅಂದರೆ ದಿನಗೂಲಿ ಹುಡುಗರು, ಬಂದಿಳಿಯೋರು. ಕೋಟು ಕೊಟ್ಟು ಅರ್ಧ ಗಂಟೆಯಲ್ಲಿ ಟ್ರೇ ಕೈಗೆ. ಅದೇ ಅವರ ಇಂಡಕ್ಷನ್ನು. 2012ರ ಆಗಸ್ಟಿನಲ್ಲಿ ಈಶಾನ್ಯದ ಜನರ ಮೇಲೆ ಹಲ್ಲೆ ಆಗುತ್ತೆ ಅಂತ ಮೊಬೈಲಿನಲ್ಲಿ ಸುದ್ದಿ ಹಬ್ಬಿ, ಸಾವಿರಾರು ಜನ ಗುವಾಹಟಿ ರೈಲು ಹತ್ತಿದರಲ್ಲ, ಆಗ ನಮ್ಮ ಹೋಟೆಲಿನ ಹೌಸ್‌ಕೀಪಿಂಗ್ ಎರಡು ದಿನದಲ್ಲಿ ಅರ್ಧ ಖಾಲಿ. ಮ್ಯಾನೇಜರ್ ಒಳ್ಳೆ ಮನುಷ್ಯ. ಫೋನ್ ಮಾಡಿ ಧೈರ್ಯ ಹೇಳೋಣ, ಇಲ್ಲೇ ಇರಿ ನಾವಿದ್ದೀವಿ ಅನ್ನೋಣ ಅಂತ ಎಚ್‌ಆರ್‌ಗೆ ಹೋಗಿ ನಂಬರ್ ಕೇಳಿದರು. ಫೈಲಿನಲ್ಲಿ ಎಲ್ಲರ ಹೆಸರಿನ ಮುಂದೆ ಒಂದೇ ನಂಬರ್. ಕಂಟ್ರಾಕ್ಟರ್‌ದು. ಮೂರು ವರ್ಷದಿಂದ ಅದೇ ಮಹಡಿ ಗುಡಿಸುತ್ತಿದ್ದ ಹುಡುಗಿಯ ಊರು ಯಾವುದು ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರ ಮನೆಯವಳು ಅಂತ ಕೇಳಿದವರೇ ಇರಲಿಲ್ಲ. ಮಾವನ ಆ ಪ್ರಶ್ನೆಯಲ್ಲಿ ಎಷ್ಟು ಕೊಳೆ ಇತ್ತೋ, ಅಷ್ಟೇ ಇನ್ನೊಂದೂ ಇತ್ತು ಅಂತ ನನಗೆ ಅವತ್ತು ಅನ್ನಿಸಿದ್ದು. ಮಾರನೇ ವರ್ಷ ಕೆಲಸ ಬಿಟ್ಟೆ. ಅದಕ್ಕೇ ಬಿಟ್ಟೆ ಅಂತಲ್ಲ, ಬ್ರೇಕ್ ಶಿಫ್ಟಿಗೆ, ಅಂದರೆ ಒಂದೇ ದಿನ ಎರಡು ತುಂಡಾಗಿ ಮಾಡೋ ಡ್ಯೂಟಿಗೆ, ಸೊಂಟ ಹೋಗಿತ್ತು.

ಆರನೇ ಟೇಬಲ್ಲು

ನನ್ನ ಕ್ಲಾಸ್‌ಮೇಟ್ ಒಬ್ಬ ತುಮಕೂರು ದಾಟಿ ಹೈವೇ ಪಕ್ಕ ಹೋಟೆಲು ಮಾಡಿದ್ದಾನೆ. ತಿಂಡಿ ಚೆನ್ನಾಗಿದೆ, ಜನ ಬರ್ತಾರೆ, ಆದರೆ ಎರಡನೇ ಕಾಫಿ ಯಾರೂ ಕುಡಿಯಲ್ಲ ಅಂತ ಅವನ ಕೊರಗು. "ಬಂದು ಹುಡುಗ್ರಿಗೆ ಟ್ರೈನಿಂಗ್ ಕೊಡೋ, ನಗೋದೇ ಇಲ್ಲ ನನ್ಮಕ್ಳು" ಅಂದ. ಹೋಗಿ ಒಂದು ಮೂಲೆಯಲ್ಲಿ ಕೂತು ನೋಡಿದೆ. ಕಾಫಿ ಲೋಟದ ಜೊತೆಗೇ ಬಿಲ್ಲು. ಗಿರಾಕಿ ಇನ್ನೂ ಊದಿ ಆರಿಸುತ್ತಿದ್ದಾನೆ, ಹುಡುಗ ಪಕ್ಕದಲ್ಲಿ ಕಂಬದ ಥರ ನಿಂತಿದ್ದಾನೆ. ಇನ್ನೊಂದು ಕಾಫಿ ಹೇಳೋಕೆ ಯಾವನಿಗೆ ಮನಸ್ಸಾಗುತ್ತೆ? ಗೆಳೆಯನನ್ನ ಕೇಳಿದೆ: "ಹೊಸಬನಿಗೆ ಮೊದಲ ದಿನ ಏನು ಹೇಳ್ತೀಯ?" ಅವನು ಯೋಚನೆ ಕೂಡ ಮಾಡಲಿಲ್ಲ. "ಬಿಲ್ ಕೊಡದೆ ಯಾರಾದ್ರೂ ಎದ್ದು ಹೋದ್ರೆ ನಿನ್ನ ಸಂಬಳದಲ್ಲಿ ಕಟ್ ಅಂತ."

ನಾನು ಏನೂ ಅನ್ನಲಿಲ್ಲ. ಅವನೇ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೈವೇ ಕಣೋ, ದಿನಾ ಒಬ್ರು ಹೋಗ್ತಾರೆ" ಅಂದ. ವಾರಕ್ಕೆ ಎಷ್ಟು ಹೋಗುತ್ತೆ ಅಂತ ಲೆಕ್ಕ ಹಾಕಿದೆವು. ನಾನ್ನೂರರಿಂದ ಐನೂರು ರೂಪಾಯಿ. ಅದನ್ನ ಹೋಟೆಲ್ ಖರ್ಚಿಗೇ ಬರೆದುಕೋ ಅಂದೆ. ಹೂಂ ಅಂದ, ಒಲ್ಲದ ಮನಸ್ಸಿನಿಂದ. ಒಂದು ತಿಂಗಳು ನೋಡ್ತೀನಿ ಅಂದ. ಅಷ್ಟರಲ್ಲಿ ಒಡಿಶಾದಿಂದ ಬಂದ ಹೊಸ ಹುಡುಗ ಬ್ಯಾಗು ಹೆಗಲಿಗೆ ಹಾಕಿಕೊಂಡೇ ಹಿಂದುಗಡೆ ಲೋಟ ತೊಳೆಯೋಕೆ ಹೊರಟಿದ್ದ. ಅವನನ್ನ ಕರೆದು ಆರನೇ ಟೇಬಲ್ಲಿನಲ್ಲಿ ಕೂರಿಸಿದೆವು. ಕಿಟಕಿ ಪಕ್ಕದ್ದು. ಹಳೇ ಸಪ್ಲಾಯರ್ ಮಂಡ್ಯದವರು, ಐವತ್ತು ದಾಟಿದವರು. ಅವರಿಗೆ ಇದೆಲ್ಲ ತಮಾಷೆ. ಮೂರು ಟೇಬಲ್ಲಿಗೆ ಕೊಟ್ಟು, ಗಲ್ಲಾ ಹತ್ತಿರ ಎರಡು ಮಾತಾಡಿ, ಆಮೇಲೆ ಇವನ ಹತ್ತಿರ ಬಂದರು. ಅವರು ಬಂದ ತಕ್ಷಣ ಹುಡುಗ ಎದ್ದು ನಿಂತ. ಕೂತ್ಕೋ ಅಂದರು. ಪೂರಿ ಅಂದ. ಪೂರಿ ಬಂತು. ತಿಂದ, ಸಾಗು ಇನ್ನೊಂದು ಸಲ ಹಾಕಿಸಿಕೊಂಡ.

ತಿಂದು ಕೈ ತೊಳೆದು ಬಂದಮೇಲೆ, ಹೆಂಗಿತ್ತು ಅಂತ ಗೆಳೆಯ ಹಿಂದಿಯಲ್ಲಿ ಕೇಳಿದ. ಹುಡುಗ ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ಅವನ ಮುಖ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ: ಪೂರಿ ಚೆನ್ನಾಗಿತ್ತು, ನೀರು ತರೋದು ತುಂಬಾ ತಡ ಮಾಡಿದ್ರು.

ಮಂಡ್ಯದ ಸಪ್ಲಾಯರ್ ಹೆಗಲ ಮೇಲಿನ ಬಟ್ಟೆ ತೆಗೆದು ನನ್ನನ್ನೇ ದುರುಗುಟ್ಟಿ ನೋಡಿದರು.